ಉಶ್ಶಣ್ಣ ಕಿತ್ತಿಟ್ಟ ಫ್ಯಾನು

ಇದು ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದು ಬಾಯಿಂದ ಬಾಯಿಗೆ ಬಂದ ಕತೆ ಅಲ್ಲ. ಅವನೇ ನನ್ನೆದುರು ಗೋಡೆಗೆ ಒರಗಿ ಕೂತು, ಬೆಳಗಾಗುವ ತನಕ ಬಿಟ್ಟು ಬಿಟ್ಟು ಹೇಳಿದ್ದು. ನಂಬೋದು ಬಿಡೋದು ನಿಮ್ಮಿಷ್ಟ... ಆದರೆ ನಡುವೆ ಎದ್ದು ಹೋಗಬೇಡಿ. ಅರ್ಧ ಕೇಳಿದವರಿಗೆ ಇದು ಇನ್ನೂ ಜಾಸ್ತಿ ಕಾಡುತ್ತೆ.

ರಾತ್ರಿ ಹನ್ನೊಂದು ಗಂಟೆ. ಅವನು ಅಂಗಡಿಯ ಶಟರ್ ಎಳೆದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಬ್ಯಾಗು ಹೆಗಲಿಗೇರಿಸಿ ಮನೆ ಕಡೆ ಹೊರಟ. ದಾರಿಯಲ್ಲಿ ಒಂದು ಹಳೇ ಬಾವಿ ಇದೆ. ಈಗ ಅದರಲ್ಲಿ ಯಾರೂ ನೀರು ಸೇದೋದಿಲ್ಲ. ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿ, ಸುತ್ತ ಬೈಕು ನಿಲ್ಲಿಸೋ ಜಾಗ ಮಾಡಿದ್ದಾರೆ. ಬೀದಿ ದೀಪದ ಬೆಳಕು ಅಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತೆ. ಬಾವಿಯ ಹತ್ತಿರ ಬಂದಾಗ... ಯಾರೋ ಉಸಿರಾಡಿದ್ದು ಕೇಳಿಸಿತು.

ಸುಯ್... ಸುಯ್... ಆಮೇಲೆ ಉದ್ದಕ್ಕೆ ಒಂದು, ಸುಯ್ಯ್ಯ್ಯ್... ಅದರ ತುದಿಯಲ್ಲಿ ತೆಳ್ಳಗೆ ಒಂದು ಸೀಟಿ, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ.

ಅವನು ನಿಂತ. ಸದ್ದು ನಿಲ್ಲಲಿಲ್ಲ. ಜಾಲರಿಯ ಮೇಲೆ ಬಗ್ಗಿ ನೋಡಿದ. ಬಾವಿಯೊಳಗಿಂದ ಅಲ್ಲ. ಬೆನ್ನ ಹಿಂದಿನಿಂದ. ಗಕ್ಕನೆ ತಿರುಗಿದ... ಆಗಲೂ ಬೆನ್ನ ಹಿಂದೆಯೇ.

ಬೈಕು ಕಾಯೋ ತಾತ ತನ್ನ ಗೂಡಿನಿಂದ ತಲೆ ಹೊರಗೆ ಹಾಕಿ, ಪಿಸುದನಿಯಲ್ಲಿ ಕೇಳಿದ.

"ಯಾರಪ್ಪಾ ಅದು, ನಿನ್ನ ಬ್ಯಾಗಲ್ಲಿ ಮಲಗಿರೋದು?"

"ಯಾರೂ ಇಲ್ಲ ತಾತ. ಲ್ಯಾಪ್‌ಟಾಪು."

"ಎದೆ ಕಟ್ಟಿದೆ ಅದಕ್ಕೆ. ಬೇಗ ಮನೆಗೆ ಕರ್ಕೊಂಡು ಹೋಗು."

"ಉಶ್! ಸುಮ್ನಿರು ತಾತ."

ಬ್ಯಾಗಿನ ಮೇಲೆ ಕೈ ಇಟ್ಟು ನೋಡಿದ. ಜ್ವರ ಬಂದವರ ಬೆನ್ನಿನಷ್ಟು ಬಿಸಿ. ಜಿಪ್ ತೆಗೆದು ನೋಡಿದ. ಲ್ಯಾಪ್‌ಟಾಪಿನ ದೀಪ ಒಂದೂ ಉರಿಯುತ್ತಿರಲಿಲ್ಲ. ಅವನೇ ಕೈಯಾರೆ ಆಫ್ ಮಾಡಿದ್ದ. ಅಷ್ಟೇ ಅಲ್ಲ, ಆ ಸಂಜೆ ಅದನ್ನು ಬಿಚ್ಚಿ, ಫ್ಯಾನಿನ ರೆಕ್ಕೆಗಳ ನಡುವೆ ಸಿಕ್ಕಿದ್ದ ಧೂಳನ್ನು ಬ್ರಷ್ಷಿನಲ್ಲಿ ತೆಗೆದು, ಒಣಗಿಹೋಗಿದ್ದ, ಬಿಸಿ ಎಳೆಯೋ ಪೇಸ್ಟು ಕೆರೆದು ಹೊಸದು ಬಳಿದು, ಒಂದು ತೊಟ್ಟು ಎಣ್ಣೆಯನ್ನೂ ಬಿಟ್ಟಿದ್ದ. ಎರಡು ಗಂಟೆ ಮೇಜಿನ ಮೇಲೆ ಓಡಿಸಿ ನೋಡಿದ್ದ. ಕಮಕ್ ಕಿಮಕ್ ಅಂದಿರಲಿಲ್ಲ. ಈಗ ಬಾವಿಯ ಹತ್ತಿರ ಬಂದು... ಹೀಗೆ.

ಮನೆ ತಲುಪಿ ಮಹಡಿ ಮೆಟ್ಟಿಲು ಹತ್ತಿದ. ಮೇಲಿನ ಮನೆಯಲ್ಲಿ ಒಬ್ಬರು ನರ್ಸಮ್ಮ ಇದ್ದರು. ಇವನ ಮಗಳು, ಏಳು ವರ್ಷದ್ದು, ಗುಬ್ಬಿ ಅಂತ ಕರೆಯೋದು, ಅಪ್ಪ ಬರುವ ತನಕ ಅವರ ಮನೆಯಲ್ಲೇ ಇರುತ್ತಿತ್ತು. ನರ್ಸಮ್ಮ ನಿದ್ದೆಯಲ್ಲಿದ್ದ ಮಗುವನ್ನು ಅವನ ಹೆಗಲಿಗೆ ಹಾಕುತ್ತಾ ಮೆಲ್ಲಗೆ ಹೇಳಿದರು.

"ಈಗಷ್ಟೇ ಮಲಗ್ತು. ಆಗಲೇ, ಹನ್ನೊಂದು ಗಂಟೆ ಸುಮಾರಿಗೆ ಉಬ್ಬಸ ಬಂದಿತ್ತು. ಇನ್ಹೇಲರ್ ಎರಡು ಸಲ ಕೊಟ್ಟೆ."

ಹನ್ನೊಂದು ಗಂಟೆ... ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಈಗ ಇವನ ವಿಷಯ ಸ್ವಲ್ಪ ಹೇಳಬೇಕು. ನಾವೆಲ್ಲ ಅವನಿಗೆ ಇಟ್ಟ ಹೆಸರು ಉಶ್ಶಣ್ಣ. ಚಿಕ್ಕಂದಿನಿಂದ ಅವನಿಗೆ ಸದ್ದು ಅಂದರೆ ಆಗದು. ಪಕ್ಕದಲ್ಲಿ ಕೂತವರು ಲೋಟ ಕೆಳಗಿಟ್ಟರೆ ಉಶ್. ಯಾರಾದರೂ ಸೀನಿದರೆ ಉಶ್. ಅವನ ಮದುವೆಯಲ್ಲೇ ನಾವು ಹುಡುಗರು ನಗಾಡಿದ್ದಕ್ಕೆ, ಹಾರ ಹಾಕಿಕೊಂಡು ನಿಂತವನು, ನಮ್ಮ ಕಡೆ ತಿರುಗಿ ಉಶ್ ಅಂದಿದ್ದ. ಅಂಥವನು ಆರಿಸಿಕೊಂಡ ಕಸುಬು ಲ್ಯಾಪ್‌ಟಾಪ್ ರಿಪೇರಿ. ಕೆಟ್ಟ ಯಂತ್ರಗಳು ಬಾಯಿಬಿಡೋದಿಲ್ಲವಲ್ಲ, ಅದಕ್ಕೇ ಇರಬೇಕು.

ಆದರೆ ಅವನ ಅಂಗಡಿಗೆ ಬರೋ ಹತ್ತು ಗಿರಾಕಿಗಳಲ್ಲಿ ಆರು ಜನರ ದೂರು ಒಂದೇ. "ಫ್ಯಾನು ಸದ್ದು ಮಾಡತ್ತೆ, ನಿಲ್ಲೋದೇ ಇಲ್ಲ." ಅದಕ್ಕೆ ಸರಿಯಾದ ರೀತಿ ಅಂತ ಒಂದಿದೆ. ಬಿಚ್ಚಬೇಕು, ಧೂಳು ತೆಗೆಯಬೇಕು, ಒಳಗೆ ಯಾವ ಕೆಲಸ ಸುಮ್ಮನೆ ಓಡುತ್ತಾ ಇದೆ ಅಂತ ಹುಡುಕಿ ನಿಲ್ಲಿಸಬೇಕು, ಫ್ಯಾನು ಸವೆದಿದ್ದರೆ ಹೊಸದು ಹಾಕಬೇಕು. ಅರ್ಧ ದಿನದ ಕೆಲಸ. ಇವನದು ಹತ್ತು ನಿಮಿಷ. ಫ್ಯಾನಿನ ವೈರು ಕಿತ್ತುಬಿಡೋದು. ಫ್ಯಾನು ತಿರುಗುತ್ತಾ ಇದೆ ಅಂತ ಯಂತ್ರವನ್ನು ನಂಬಿಸೋಕೆ ಅವನ ಹತ್ತಿರ ಒಂದು ಉಪಾಯ ಇತ್ತು. ಅದಕ್ಕೆ ಅವನು ಇಟ್ಟುಕೊಂಡಿದ್ದ ಹೆಸರು ಮೌನವ್ರತ. "ಮೌನವ್ರತ ಮಾಡಿಸಿದೀನಿ, ತಗೊಂಡು ಹೋಗಿ ಸಾರ್" ಅಂತ ಕೊಡುತ್ತಿದ್ದ. ಗಿರಾಕಿಗೆ ಖುಷಿಯೋ ಖುಷಿ. ಆರು ತಿಂಗಳಿಗೆ ಯಂತ್ರ ಒಳಗೊಳಗೇ ಬೆಂದು ಸತ್ತಾಗ, ಪಾಪ, ಅದೇ ಗಿರಾಕಿ ಅವನ ಹತ್ತಿರವೇ ಹೊಸದು ಕೊಳ್ಳೋಕೆ ಬರುತ್ತಿದ್ದ.

"ಬಿಸಿ ಆದರೆ ತಾನೇ ಅದು ಕೂಗೋದು? ಕೂಗೋ ಬಾಯಿ ಮುಚ್ಚಿಸಿದರೆ ಬಿಸಿ ಇಳಿಯುತ್ತೇನೋ?" ಅಂತ ನಾನು ಒಂದು ಸಲ ಕೇಳಿದ್ದೆ.

"ಜನಕ್ಕೆ ಬೇಕಾಗಿರೋದು ಸದ್ದು ನಿಲ್ಲೋದು. ಬಿಸಿ ಯಾರಿಗೆ ಬೇಕು?" ಅಂದಿದ್ದ.

ಇನ್ನು ಅವನ ಹೆಂಡತಿ. ನನಗೆ ಅತ್ತಿಗೆ. ಬಹಳ ಮೆತ್ತನೆ ಜೀವ. ಅವಳಿಗೆ ಉಬ್ಬಸ ಇತ್ತು. ರಾತ್ರಿ ಮಲಗಿದರೆ ಎದೆಯಲ್ಲಿ ಸುಯ್ ಅನ್ನೋ ಸದ್ದು. ಮದುವೆಯಾದ ಹೊಸದರಲ್ಲಿ ಇವನು "ಬಂತು ನೋಡು ರೈಲು" ಅಂತ ಹಾಸ್ಯ ಮಾಡುತ್ತಿದ್ದ. ಆಮೇಲೆ ಹಾಸ್ಯ ಹೋಯಿತು, "ಆ ಕಡೆ ತಿರುಕ್ಕೊ" ಬಂತು. ಆಮೇಲೆ "ಅಡುಗೆಮನೇಲಿ ಮಲಕ್ಕೊ" ಬಂತು. ಕೊನೆಗೆ "ಬಾಗಿಲು ಹಾಕ್ಕೊಂಡು ಮಲಕ್ಕೊ." ಅವಳು ಹಾಗೇ ಮಾಡಿದಳು. ನಿದ್ದೆ ಬಾರದ ರಾತ್ರಿಗಳಲ್ಲಿ ಅಡುಗೆಮನೆಯ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಪ್ರೆಸ್ಸಿನವರಿಗೆ ಪುಸ್ತಕ ಟೈಪ್ ಮಾಡಿ ಕೊಡುತ್ತಿದ್ದಳು. ಟೈಪ್ ಮಾಡೋ ಸದ್ದಿಗೂ ಇವನು ಉಶ್ ಅನ್ನೋನು. ಒಂದು ಬೆಳಗ್ಗೆ ಬಾಗಿಲು ತೆಗೆದಾಗ ಅವಳು ಲ್ಯಾಪ್‌ಟಾಪಿನ ಮೇಲೆ ಕೆನ್ನೆ ಇಟ್ಟು ಬಿದ್ದಿದ್ದಳು. ತಣ್ಣಗಾಗಿದ್ದಳು. ಲ್ಯಾಪ್‌ಟಾಪು ಮಾತ್ರ ಬಿಸಿ, ಫ್ಯಾನು ಓಡುತ್ತಲೇ ಇತ್ತು.

"ನಿದ್ದೇಲೇ ಹೋದಳು. ಒಂದು ಸದ್ದೂ ಮಾಡಲಿಲ್ಲ" ಅಂತ ಎಲ್ಲರ ಮುಂದೆ ಆಣೆ ಮಾಡಿ ಹೇಳಿದ. ನಾವು ನಂಬಿದೆವು. ನಂಬದೆ ಏನು ಮಾಡೋದು?

ಅವಳು ಹೋಗಿ ಹತ್ತು ತಿಂಗಳಾಗಿತ್ತು. ಅವಳ ಲ್ಯಾಪ್‌ಟಾಪು, ಆ ರಾತ್ರಿ ಬ್ಯಾಗಿನಲ್ಲಿದ್ದದ್ದೇ, ಗುಬ್ಬಿಯ ಪಾಲಿಗೆ ಬಂದಿತ್ತು. ಅದರಲ್ಲಿ ಚಿತ್ರ ಬಿಡಿಸೋದು, ರಾತ್ರಿ ಮುಚ್ಚಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗೋದು. ಆ ಮಗುವಿಗೆ ಅಮ್ಮನ ಎದೆಯೇ ಬಂದಿತ್ತು. ಚಳಿ ಬಿದ್ದರೆ, ಧೂಳು ಎದ್ದರೆ ಉಬ್ಬಸ. ಡಾಕ್ಟರು ಅವನಿಗೆ ಬಿಡಿಸಿ ಹೇಳಿದ್ದರು. ಶುರುವಾದ ಕೂಡಲೇ ಇನ್ಹೇಲರ್ ಕೊಟ್ಟರೆ ಏನೂ ಆಗೋದಿಲ್ಲ, ತಡ ಮಾಡಿದರೆ ಜೀವಕ್ಕೇ ಬರುತ್ತೆ. ಅಷ್ಟೇ ವಿಷಯ. ಕೂಡಲೇ ಕೊಡಬೇಕು. ಅದಕ್ಕೆ ಯಾರಾದರೂ ಎದ್ದಿರಬೇಕು.

ಆ ರಾತ್ರಿ ಮಗುವನ್ನು ಹಾಲ್‌ನಲ್ಲಿ ಮಲಗಿಸಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಎರಡು ಗಂಟೆಗೆ ಎಚ್ಚರವಾಯಿತು.

ಸುಯ್... ಸುಯ್... ಸುಯ್ಯ್ಯ್ಯ್...

ಹಲ್ಲು ಕಡಿಯುತ್ತಾ ಎದ್ದು ಬಂದ. ಲ್ಯಾಪ್‌ಟಾಪನ್ನು ಎತ್ತಿ ಗೋಡೆಗೆ ಬಡಿಯಬೇಕು ಅಂತಲೇ ಬಂದದ್ದು. ದೀಪ ಹಾಕಿದ. ಗುಬ್ಬಿ ಎದ್ದು ಕೂತಿತ್ತು. ಎರಡೂ ಕೈ ಹಾಸಿಗೆಗೆ ಊರಿ, ಭುಜ ಕಿವಿಯ ತನಕ ಏರಿಸಿ, ಕತ್ತಿನ ಗುಳಿ ಒಳಗೆ ಹೋಗಿ ಹೊರಗೆ ಬರುತ್ತಾ... ತುಟಿ ನೀಲಿಗೆ ತಿರುಗಿತ್ತು. ಓಡಿ ಇನ್ಹೇಲರ್ ತಂದು ಕೊಟ್ಟ. ಒಂದು ಸಲ. ಎರಡು ಸಲ. ಮಗು ಸಡಿಲವಾಯಿತು. ಅದು ಸಡಿಲವಾದ ಗಳಿಗೆಯಲ್ಲೇ ಫ್ಯಾನು ಕೂಡ... ಸುಯ್... ಸು... ನಿಂತಿತು.

ಬೆಳಗ್ಗೆ ಇನ್ನೊಂದು ಸಲ ಪರೀಕ್ಷೆ ಮಾಡಿದ. ಮಗು ರಜಾಯಿ ಮೇಲೆ ಇಟ್ಟುಕೊಳ್ಳುತ್ತೆ, ಕೆಳಗಿನ ಗಾಳಿ ಕಿಂಡಿ ಮುಚ್ಚಿಹೋಗುತ್ತೆ, ಅದಕ್ಕೇ ಬಿಸಿಯಾಗಿ ಕೂಗೋದು ಅಂದುಕೊಂಡು, ಅದನ್ನು ಬರೀ ನೆಲದ ಮೇಲೆ ಇಡಿಸಿದ. ಒಳಗೆ ಏನೇನು ಕೆಲಸ ಓಡುತ್ತಾ ಇದೆ ಅಂತ ಪಟ್ಟಿ ತೆಗೆದು ನೋಡಿದ. ಏನೂ ಇಲ್ಲ. ಯಂತ್ರ ಪೂರ್ತಿ ಖಾಲಿ ಕೂತಿತ್ತು, ತಣ್ಣಗಿತ್ತು. ಆ ರಾತ್ರಿ ಬ್ಯಾಟರಿಯನ್ನೇ ತೆಗೆದಿಟ್ಟ. ಚಾರ್ಜರ್ ಬೀರುವಿನಲ್ಲಿ. ಒಳಗೆ ಉಳಿದಿರೋ ಕರೆಂಟು ಖಾಲಿಯಾಗಲಿ ಅಂತ ಆನ್ ಮಾಡೋ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದ. ಕಸುಬಿನವರು ಮಾಡೋದನ್ನೆಲ್ಲ ಮಾಡಿದ.

ಮೂರೂಕಾಲಿಗೆ... ಸುಯ್... ಸುಯ್...

ಈ ಸಲ ಅವನು ಎದ್ದು ಬಂದಾಗ ಮಗುವಿಗೆ ಉಬ್ಬಸ ಇನ್ನೂ ಹಿಡಿದಿರಲಿಲ್ಲ. ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿತ್ತು. ಅವನು ಬಗ್ಗಿ ಲ್ಯಾಪ್‌ಟಾಪಿಗೆ ಕೈ ಹಾಕುವ ಹೊತ್ತಿಗೆ ಮಗುವಿನ ಎದೆಯಲ್ಲಿ ಮೊದಲ ಸೀಟಿ ಎದ್ದಿತು. ಇನ್ಹೇಲರ್ ಕೊಟ್ಟ. ಆಮೇಲೆ ಮಗು ಅವನ ಕಿವಿಯ ಹತ್ತಿರ ಬಾಯಿ ತಂದು, ಅವನಿಗೆ ಸದ್ದಾಗದ ಹಾಗೆ, ಪಿಸುಗುಟ್ಟಿತು.

"ಅಪ್ಪಾ... ಅದನ್ನ ರಿಪೇರಿ ಮಾಡಬೇಡ."

"ಯಾಕೆ?"

"ಅದು ನನಗಿಂತ ಮುಂಚೆ ಶುರು ಮಾಡತ್ತೆ. ನಿನ್ನ ಎಬ್ಬಿಸೋಕೆ."

"ಯಾರು ಹೇಳಿದ್ದು ನಿಂಗೆ?"

ಮಗು ಕೈ ಚಾಚಿತು. ಲ್ಯಾಪ್‌ಟಾಪಿನ ಬೆನ್ನು ಸವರಿತು. ಅಷ್ಟೇ.

ಇಲ್ಲಿ ಯಾರಾದರೂ ಆಗಲಿ, ಸರಿ, ಓಡಿಕೊಂಡಿರಲಿ ಬಿಡು ಅನ್ನುತ್ತಿದ್ದರು. ಹೆದರಿಕೆ ಆಗಬಹುದು. ಮೈ ಝುಂ ಅನ್ನಬಹುದು. ಆದರೂ ಮಗುವಿನ ಜೀವ ಕಾಯೋ ದೆವ್ವ ಅಲ್ಲವಾ, ಇರಲಿ, ದೀಪ ಹಚ್ಚಿಯಾದರೂ ಇಟ್ಟುಕೊಳ್ಳೋಣ ಅನ್ನುತ್ತಿದ್ದರು. ಇವನೂ ಒಂದು ದಿನ ಹಾಗೇ ಅಂದುಕೊಂಡನಂತೆ. ಸುಳ್ಳು ಯಾಕೆ ಹೇಳಲಿ, ಒಂದು ಇಡೀ ದಿನ ಅಂದುಕೊಂಡ.

ಮೂರನೇ ರಾತ್ರಿ ಸದ್ದಿನ ಜೊತೆ ಇನ್ನೊಂದು ಸದ್ದು ಬಂತು. ಸುಯ್... ಸುಯ್ಯ್ಯ್... ಟಕ್ ಟಕ್. ಸ್ವಲ್ಪ ಬಿಟ್ಟು... ಟಕ್ ಟಕ್. ಸವೆದ ಫ್ಯಾನಿನ ರೆಕ್ಕೆ ಪಕ್ಕದ ತಗಡಿಗೆ ಬಡಿದರೆ ಹಾಗೆ ಬರುತ್ತೆ, ಅದು ಕಸುಬಿನವರಿಗೆಲ್ಲ ಗೊತ್ತು. ಆದರೆ ರೆಕ್ಕೆ ಬಡಿದರೆ ಟಕಟಕಟಕ ಅಂತ ಒಂದೇ ಸಮ ಬಡಿಯುತ್ತೆ. ಎರಡು ಸಲ ಬಡಿದು, ಕಾದು, ಮತ್ತೆ ಎರಡು ಸಲ ಬಡಿಯೋದಿಲ್ಲ.

ಅವನು ಹಾಸಿಗೆಯಲ್ಲಿ ಎದ್ದು ಕೂತ. ಆ ಸದ್ದು ಅವನಿಗೆ ಗೊತ್ತಿತ್ತು.

ಅತ್ತಿಗೆ ಸತ್ತ ರಾತ್ರಿ ಅವನು ಎಚ್ಚರವಾಗಿದ್ದ. ಅದನ್ನು ಅವನು ಹೇಳಿದ್ದು ನನಗೊಬ್ಬನಿಗೇ. ಅಡುಗೆಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ಅವಳು ಲೋಟದಿಂದ ನೆಲ ಬಡಿದಿದ್ದಳು. ಟಕ್ ಟಕ್. ಕಾದು... ಟಕ್ ಟಕ್. ಕೂಗೋಕೆ ಉಸಿರಿರಲಿಲ್ಲ ಅವಳಿಗೆ. ಇವನಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. 'ಶುರುವಾಯ್ತು ಇವಳದು' ಅಂತ ದಿಂಬು ತೆಗೆದು ಕಿವಿಯ ಮೇಲೆ ಇಟ್ಟುಕೊಂಡ. ಎಷ್ಟೋ ಹೊತ್ತಿನ ಮೇಲೆ ಸದ್ದು ನಿಂತಿತು. ಅಬ್ಬಾ ಅಂದ. ನಿದ್ದೆ ಬಂತು. ಒಳ್ಳೇ ನಿದ್ದೆ.

ಆ ಮೂರನೇ ರಾತ್ರಿಯೂ ಎದ್ದು ಹೋಗಿ ಮಗುವಿಗೆ ಇನ್ಹೇಲರ್ ಕೊಟ್ಟ. ಇಲ್ಲ ಅನ್ನೋದಿಲ್ಲ. ಆದರೆ ಬೆಳಗಾದ ಕೂಡಲೇ ಲ್ಯಾಪ್‌ಟಾಪನ್ನು ಅಂಗಡಿಗೆ ಹೊತ್ತ. ಮಗುವಿನ ಉಬ್ಬಸಕ್ಕೆ ಅವನು ಹೆದರಿದ್ದಲ್ಲ. ಆ ಎರಡು ಟಕ್ ಟಕ್ ಇನ್ನೊಬ್ಬರ ಕಿವಿಗೆ ಬಿದ್ದರೆ, ಇದೇನು ಅಂತ ಯಾರಾದರೂ ಕೇಳಿದರೆ, ಅದಕ್ಕೆ ಹೆದರಿದ್ದು. ನನಗೆ ಇಲ್ಲೇ ಹೊಟ್ಟೆ ಉರಿಯೋದು. ಅವನಿಗೆ ಎಲ್ಲಾ ಅರ್ಥವಾಗಿತ್ತು. ಅರ್ಥವಾಗದೆ ಮಾಡಿದ್ದಿದ್ದರೆ ಕ್ಷಮಿಸಬಹುದಿತ್ತು.

ಅಂಗಡಿಯಲ್ಲಿ ಶಟರ್ ಅರ್ಧ ಇಳಿಸಿಕೊಂಡು ಕೂತ. ಕೆಳಗಿನ ಮುಚ್ಚಳ ತೆಗೆದ. ಈ ಸಲ ವೈರು ಕೀಳೋದಷ್ಟೇ ಸಾಲದು ಅನ್ನಿಸಿತು. ಮೂರು ಸ್ಕ್ರೂ ಬಿಚ್ಚಿ ಫ್ಯಾನನ್ನೇ ಹೊರಗೆ ತೆಗೆದ. ಅಂಗೈಯಷ್ಟು ಅಗಲದ ಕಪ್ಪು ಸಾಮಾನು, ಸುತ್ತ ಸಣ್ಣ ಸಣ್ಣ ರೆಕ್ಕೆ. ವೈರನ್ನು ಬುಡದಲ್ಲೇ ಕತ್ತರಿಸಿದ. ಕತ್ತರಿಸುವಾಗ ಅದು ಅವನ ಬೆರಳಿನಡಿ ಒಂದು ಸುತ್ತು ತಿರುಗಿತಂತೆ, ಹಿಂದು ಮುಂದಾಗಿ, ಮೆಲ್ಲಗೆ, ಬೇಡ ಅನ್ನೋ ಹಾಗೆ. ಮೇಜಿನ ಮರದ ಡ್ರಾಯರಿನಲ್ಲಿ ಅದನ್ನು ಹಾಕಿ ಬೀಗ ತಿರುಗಿಸಿದ.

ಸಂಜೆ ಬ್ಯಾಟರಿ ಮತ್ತೆ ಹಾಕಿ ಲ್ಯಾಪ್‌ಟಾಪು ಮಗುವಿನ ಕೈಗೆ ಕೊಟ್ಟ. "ತಗೊ. ರಿಪೇರಿ ಆಯ್ತು."

ಗುಬ್ಬಿ ಅದರ ಮೇಲೆ ಕಿವಿ ಇಟ್ಟು ಬಹಳ ಹೊತ್ತು ಕೇಳಿತು. ಆಮೇಲೆ ತಲೆ ಎತ್ತಿ ನೋಡಿತು.

"ಇದು ಹೋಗಿಬಿಟ್ಟಿದೆ ಅಪ್ಪಾ."

"ಏನು ಹೋಗಿರೋದು? ಚೆನ್ನಾಗೇ ಇದೆ, ಆನ್ ಮಾಡಿ ನೋಡು."

"ಈಗ ನಿನ್ನ ಯಾರು ಎಬ್ಬಿಸ್ತಾರೆ?"

"ಯಾರೂ ಎಬ್ಬಿಸಬೇಕಾಗಿಲ್ಲ. ಒಂಬತ್ತು ಗಂಟೆ ಆದ ಮೇಲೆ ಈ ಮನೇಲಿ ಸದ್ದು ಆಗಬಾರದು. ಎಷ್ಟು ಸಲ ಹೇಳಿದೀನಿ? ಉಶ್. ಮಲಕ್ಕೊ."

ಮಗು ಮಲಗಿತು. ಬಹಳ ಮಾತು ಕೇಳೋ ಮಗು ಅದು.

ಆ ರಾತ್ರಿ ಏನೂ ಆಗಲಿಲ್ಲ. ಸದ್ದಿಲ್ಲ, ಉಬ್ಬಸವೂ ಇಲ್ಲ. ಬೆಳಗ್ಗೆ ಎದ್ದಾಗ ಅವನಿಗೆ ಹಗುರ ಅನ್ನಿಸಿತು. ನೋಡಿದೆಯಾ, ಫ್ಯಾನಿನ ಸದ್ದಿಗೇ ಮಗುವಿಗೆ ನಿದ್ದೆಗೆಟ್ಟು ಉಬ್ಬಸ ಬರುತ್ತಿತ್ತು ಅಂತ ತನಗೆ ತಾನೇ ಹೇಳಿಕೊಂಡ. ಮನುಷ್ಯನಿಗೆ ತನಗೆ ಬೇಕಾದ ಕಾರಣ ಹುಡುಕಿಕೊಳ್ಳೋಕೆ ಎಷ್ಟು ಹೊತ್ತು ಬೇಕು?

ಮಾರನೇ ದಿನ ನರ್ಸಮ್ಮನಿಗೆ ರಾತ್ರಿ ಪಾಳಿ. ಹೊರಡುವಾಗ ಅವನ ಬಾಗಿಲಲ್ಲಿ ನಿಂತು ಹೇಳಿ ಹೋದರು.

"ಇವತ್ತು ಮೇಲೆ ಯಾರೂ ಇರಲ್ಲ. ಗಾಳಿ ಬೇರೆ ಬದಲಾಗಿದೆ. ಕೋಣೆ ಬಾಗಿಲು ತೆಗೆದಿಟ್ಟು ಮಲಗಪ್ಪಾ. ಇನ್ಹೇಲರ್ ಮಗು ದಿಂಬಿನ ಕೆಳಗೇ ಇರಲಿ, ಅದಕ್ಕೆ ತಾನೇ ತಗೊಳ್ಳೋಕೆ ಬರುತ್ತೆ."

"ಆಗಲಿ ನರ್ಸಮ್ಮ."

ಆಗಲಿ ಅಂದವನು ಇನ್ಹೇಲರನ್ನು ಎಂದಿನ ಹಾಗೆ ಫ್ರಿಜ್ಜಿನ ಮೇಲೆ ಇಟ್ಟ. ಹಿಂದೊಮ್ಮೆ ಮಗು ಅದನ್ನು ಪುಸ್ ಪುಸ್ ಅನ್ನಿಸಿ ಆಡಿ ಅರ್ಧ ಖಾಲಿ ಮಾಡಿತ್ತಂತೆ. ಆ ಸದ್ದು ಅವನಿಗೆ ಹಿಡಿಸಿರಲಿಲ್ಲ. ಬಾಗಿಲು ತೆಗೆದಿಡೋಣ ಅಂತ ಒಂದು ಗಳಿಗೆ ಯೋಚಿಸಿದ. ಹಾಲ್‌ನ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಹಾಕಿಕೊಂಡ. ಫೋನನ್ನು ಸೈಲೆಂಟಿಗೆ ಹಾಕಿ, ಬೋರಲು ಮಲಗಿಸಿ, ತಾನೂ ಮಲಗಿದ. ಎಷ್ಟೋ ತಿಂಗಳ ಮೇಲೆ ಅಂಥ ನಿದ್ದೆ. ಮಗ್ಗುಲು ಕೂಡ ಬದಲಾಯಿಸಲಿಲ್ಲ.

ಬೆಳಗ್ಗೆ ಆರೂವರೆಗೆ ಬಾಗಿಲು ತೆಗೆದ.

ಹಾಸಿಗೆ ಖಾಲಿ. ಗುಬ್ಬಿ ಅಡುಗೆಮನೆಗೂ ಹಾಲ್‌ಗೂ ನಡುವೆ, ಊಟದ ಮೇಜಿನ ಹತ್ತಿರ, ನೆಲದ ಮೇಲೆ ಕುರ್ಚಿಯ ಕಾಲನ್ನು ತಬ್ಬಿಕೊಂಡು ಮಲಗಿತ್ತು. ಮುಟ್ಟಿದರೆ... ತಣ್ಣಗೆ.

ಫ್ರಿಜ್ಜಿನ ಮೇಲಿನದು ಕೈಗೆ ಸಿಗಬೇಕಾದರೆ ಕುರ್ಚಿ ಬೇಕು. ಕುರ್ಚಿ ಎಳೆದರೆ ನೆಲದ ಮೇಲೆ ಕರ್ ಅನ್ನುತ್ತೆ. ಒಂಬತ್ತು ಗಂಟೆ ಆದ ಮೇಲೆ ಆ ಮನೆಯಲ್ಲಿ ಸದ್ದು ಆಗಬಾರದು. ಮಗು ತನ್ನ ಕಾಲುಚೀಲ ತಂದು, ಕುರ್ಚಿಯನ್ನು ಮೆಲ್ಲಗೆ ಓರೆ ಮಾಡಿ, ಅದರ ಕಾಲುಗಳಿಗೆ ಒಂದೊಂದಾಗಿ ತೊಡಿಸುತ್ತಾ ಇತ್ತು. ಮುಂದಿನ ಎರಡು ಕಾಲಿಗೆ ತೊಡಿಸಿ ಮುಗಿಸಿತ್ತು. ಮೂರನೆಯದು ಕೈಯಲ್ಲೇ ಇತ್ತು. ನಾಲ್ಕನೆಯದು ತೊಡೆಯ ಕೆಳಗೆ. ಅಷ್ಟಕ್ಕೆ ಉಸಿರು ಸಾಲಲಿಲ್ಲ.

ಬಾಗಿಲು ಬಡಿಯಲಿಲ್ಲ, ಬಡಿದಿದ್ದರೆ ನನಗೆ ಎಚ್ಚರ ಆಗುತ್ತಿತ್ತು ಅಂತ ನನ್ನ ಮುಂದೆ ಆಣೆ ಮಾಡಿದ. ಹೆಂಡತಿ ವಿಷಯಕ್ಕೂ ಹಾಗೇ ಆಣೆ ಮಾಡಿದವನು. ಆದರೆ ಈ ಸಲ ನನಗೆ ನಂಬಿಕೆ ಬಂತು. ಆ ಮಗು ಬಡಿದಿರಲಾರದು. ಅವನೇ ಕಲಿಸಿದ್ದಲ್ಲವಾ?

ಡಾಕ್ಟರು ಬಂದು ನೋಡಿ, ರಾತ್ರಿ ಎರಡರಿಂದ ಎರಡೂವರೆ ಒಳಗೆ ಆಗಿರಬೇಕು ಅಂದರು. ಯಾರಿಗಾದರೂ ತಿಳಿಸಬೇಕಲ್ಲ ಅಂತ ಅವನು ಫೋನು ತೆಗೆದ. ಪರದೆ ತುಂಬ, ಎತ್ತದೆ ಬಿಟ್ಟ ಕರೆಗಳು. ಹನ್ನೊಂದು. ಎಲ್ಲಾ ಒಬ್ಬಳದೇ. ಅಂಗಡಿಯ ಪಕ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಅದರ ಹಿಂದಿನ ಕೋಣೆಯಲ್ಲೇ ವಾಸ ಮಾಡೋ ಹೆಂಗಸು ಅವಳು. ಮೊದಲ ಕರೆ ಒಂದು ಐವತ್ತೆಂಟಕ್ಕೆ. ಕೊನೆಯದು ಎರಡು ಇಪ್ಪತ್ತೇಳಕ್ಕೆ.

ಅವಳನ್ನು ನಾನೇ ಕೇಳಿದೀನಿ. ಅವಳಿಗೆ ದೆವ್ವ ಗಿವ್ವದ ವಿಷಯ ಏನೂ ಗೊತ್ತಿರಲಿಲ್ಲ. ಮಗುವಿನ ಸುದ್ದಿಯೂ ಆಗಿನ್ನೂ ತಿಳಿದಿರಲಿಲ್ಲ.

"ಏನು ಬಿಟ್ಟು ಹೋಗಿದ್ರು ಒಳಗೆ? ಇಡೀ ಶಟರು ಅದುರ್ತಾ ಇತ್ತು. ಯಾವುದೋ ಮೆಷಿನ್ನು ಹುಚ್ಚು ಹಿಡಿದ ಹಾಗೆ ಓಡ್ತಾ... ನಡು ನಡುವೆ ಯಾರೋ ಬಡೀತಾ ಇರೋ ಹಾಗೆ. ಬೆಂಕಿ ಬೀಳತ್ತೇನೋ ಅಂತ ಹೆದರಿ ಫೋನು ಮಾಡಿದೆ, ಮಾಡಿದೆ, ಮಾಡಿದೆ. ಎತ್ತಲೇ ಇಲ್ಲ. ಎರಡೂವರೆಗೆ ಇರಬೇಕು, ಫಕ್ಕಂತ ನಿಂತುಹೋಯ್ತು."

ಈಗ ಅವನು ಯಾರಿಗೂ ಉಶ್ ಅನ್ನೋದಿಲ್ಲ. ಅನ್ನೋಕೆ ಆ ಮನೆಯಲ್ಲಿ ಯಾರೂ ಇಲ್ಲ. ಅಂಗಡಿ ಮುಚ್ಚಿದ. ಮಲಗಿದರೆ ನಿದ್ದೆ ಹತ್ತೋದಿಲ್ಲ. ಸದ್ದಾಗಲಿ ಅಂತ ರಾತ್ರಿಯಿಡೀ ನಲ್ಲಿ ಬಿಟ್ಟು, ರೇಡಿಯೋ ಹಾಕಿ ಕೂತಿರುತ್ತಾನೆ. ನನಗೆ ಅಯ್ಯೋ ಅನ್ನಿಸಬೇಕು. ಅನ್ನಿಸೋದಿಲ್ಲ.

ನೀವು ನಂಬದಿದ್ದರೂ ಇಷ್ಟು ಹೇಳಿ ಮುಗಿಸುತ್ತೇನೆ. ಮೂರನೇ ದಿನ ಅವನ ಜೊತೆ ಅಂಗಡಿಗೆ ಹೋದವನು ನಾನು. ಶಟರಿನ ಬೀಗ ತೆಗೆದವನು ನಾನು. ಡ್ರಾಯರಿನ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು, ಅದನ್ನೂ ನಾನೇ ತೆಗೆದೆ. ಅವನು ಹತ್ತಿರ ಬರಲಿಲ್ಲ. ಒಳಗೆ ಫ್ಯಾನಿಗೆ ಒಂದು ರೆಕ್ಕೆಯೂ ಉಳಿದಿರಲಿಲ್ಲ. ವೈರು ಬುಡದಲ್ಲೇ ಕತ್ತರಿಸಿದ ಹಾಗೇ ಇತ್ತು. ಡ್ರಾಯರಿನ ಮುಂದಿನ ಹಲಗೆ ಒಳಗಡೆಯಿಂದ ಸವೆದೂ ಸವೆದೂ, ನನ್ನ ಕಿರುಬೆರಳು ಹೋಗುವಷ್ಟು ತೂತು ಬಿದ್ದಿತ್ತು. ಕೆಳಗೆ ನೆಲದ ಮೇಲೆ ಒಂದು ಹಿಡಿ ಮರದ ಪುಡಿ. ಅದನ್ನು ಗುಡಿಸಿ ಕೈಯಲ್ಲಿ ಎತ್ತಿದವನೂ ನಾನೇ. ಮೂರು ದಿನ ಆಗಿತ್ತಲ್ಲ... ಇನ್ನೂ ಬೆಚ್ಚಗಿತ್ತು.